ಕೊಡದೇ ಹೋದ ಅರ್ಜಿ

ತುಕ್ಕಾನಟ್ಟಿಯ ತಂಗೆವ್ವನ ಅರ್ಜಿಯನ್ನು ನಾನು ಕಚೇರಿಗೆ ಕೊಡಲೇ ಇಲ್ಲ. ಕೊಟ್ಟಿದ್ದೇನೆಂದು ಅವಳಿಗೆ ಹೇಳಿದೆ. ನಂಬಿ ಕಾದಳು, ಕಾಯುತ್ತಿರುವಾಗಲೇ ಅವಳ ಹೊಲ ಹೋಯಿತು. ಈ ಮಾತನ್ನು ಇಷ್ಟು ವರ್ಷ ನನ್ನ ಹೆಂಡತಿಗೂ ಹೇಳಿರಲಿಲ್ಲ —

ನಾನು ಗೋಕಾಕದಲ್ಲಿ ವಕೀಲ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಊರಿನ ಕೆಲವು ಸಿರಿವಂತರು ಕೂಡಿ ಒಂದು ಧರ್ಮದ ಫಂಡು ತೆಗೆದರು. ಮನೆ, ಹೊಲ, ಜೀವನಾಂಶದ ಜಗಳಗಳಲ್ಲಿ ವಕೀಲರನ್ನು ಹಿಡಿಯಲಾಗದ ಬಡವರಿಗೆ ಕೋರ್ಟಿನ ಖರ್ಚು ಅದರಿಂದ, ವಾದ ನನ್ನದು. ನಾನು ಆಗಿನ್ನೂ ಹರೆಯದವ. ಕರಿ ಕೋಟು ಹಾಕಿಕೊಂಡು ಹೊರಟರೆ ಬಡವರೆಲ್ಲ ಕೈಮುಗಿಯುತ್ತಿದ್ದರು. ಹಾಗೆ ಕೈಮುಗಿಸಿಕೊಳ್ಳುವುದು ನನಗೆ ಹಿಡಿಸಿತ್ತು — ಇದನ್ನೂ ಒಪ್ಪಿಕೊಳ್ಳಬೇಕು.

ತಂಗೆವ್ವ ವಿಧವೆ. ಅವಳ ಗಂಡ ಗೇಣಿ ಕೊಟ್ಟು ಲಾವಣಿಗೆ ಮಾಡುತ್ತಿದ್ದ ಹೊಲ ಮೊದಲು ಬರೀ ಗರಸು ನೆಲ. ಇಬ್ಬರೂ ಕಲ್ಲು ಆರಿಸಿ, ಒಡ್ಡು ಹಾಕಿ ಅದನ್ನು ಜೋಳದ ಹೊಲ ಮಾಡಿದ್ದರು. ಗಂಡ ಸತ್ತ ಮೇಲೆ ಒಡೆಯ ಅವಳನ್ನು ಬಿಡಿಸಿ ತನ್ನ ಎತ್ತು ಹೂಡಿದ. ಗೇಣಿದಾರರ ಹಕ್ಕು ಕಾಯುವ ಕುಳಕಾಯ್ದೆಯ ಪ್ರಕಾರ ಹಾಗೆ ಬಿಡಿಸುವಂತಿರಲಿಲ್ಲ. ಕಾಯ್ದೆ ಕೊಟ್ಟ ಮುದ್ದತಿನೊಳಗೆ ತಾಲೂಕಿನ ಮಾಮಲೇದಾರರ ಕಚೇರಿಗೆ ಅರ್ಜಿ ಕೊಟ್ಟರೆ ಹೊಲ ಮರಳಿ ಸಿಗುತ್ತಿತ್ತು. ಮುದ್ದತು ದಾಟಿದರೆ ಹಕ್ಕಿದ್ದೂ ಇಲ್ಲದಂತೆ. ಅವಳ ಕೈಯಲ್ಲಿ ಬೇಕಾದಷ್ಟು ಕಾಲವಿತ್ತು. ಅರ್ಜಿ ಬರೆದೆ, ಹೆಬ್ಬೆಟ್ಟು ಒತ್ತಿಸಿಕೊಂಡೆ. ಗೆಲ್ಲುವ ಕೇಸೆಂದು ನನಗೆ ಖಾತ್ರಿಯಿತ್ತು.

ಆ ಹೊಲದ ಒಡೆಯರೇ ನಮ್ಮ ಫಂಡಿನ ಅಧ್ಯಕ್ಷರು.

ಆ ಸಾವಕಾರರು ನನ್ನನ್ನು ಮನೆಗೆ ಕರೆಸಿದರು. ಗದರಲಿಲ್ಲ. ಚಹಾ ಕುಡಿಸಿ, ಮೆತ್ತಗೆ ಅಂದರು: "ವಕೀಲರ, ಬಿಡ್ರಿ ಅಂತ ನಾ ಹೇಳಂಗಿಲ್ಲ. ಆದ್ರ ನನ್ನ ರೊಕ್ಕದಾಗ ನನ್ನ ಮ್ಯಾಲ ಅರ್ಜಿ ಹಾಕಿದ್ರ ಈ ಫಂಡು ನಡಿಯೂದಿಲ್ಲ. ಉಳಿದ ಬಡವರ ಗತಿ ಏನ್ರಿ? ನೀವ ವಿಚಾರ ಮಾಡ್ರಿ."

ವಿಚಾರ ಮಾಡಿದೆ. ಹುಕ್ಕೇರಿಯ ಒಬ್ಬ ನೇಕಾರನ ಮನೆ ಜಪ್ತಿಗೆ ಬಂದಿತ್ತು. ಘೋಡಗೇರಿಯ ಒಬ್ಬ ಹೆಣ್ಣುಮಗಳನ್ನು ಗಂಡ ಹೊರಹಾಕಿದ್ದ. ಅವಳ ಜೀವನಾಂಶದ ದಾವೆ ನಡುವಿನಲ್ಲಿತ್ತು. ಇನ್ನೂ ಎಷ್ಟೋ ಜನ. ಒಬ್ಬಳಿಗಾಗಿ ಅವರೆಲ್ಲರನ್ನೂ ನಡುನೀರಿನಲ್ಲಿ — ಹೀಗೆ ನನ್ನನ್ನು ನಾನೇ ಒಪ್ಪಿಸಿಕೊಂಡೆ.

ಮುಂದಿನ ಸಂತೆಗೆ ತಂಗೆವ್ವ ಬಂದಳು. "ಅರ್ಜಿ ಕೊಟ್ರೇನ್ರಿ, ಸಾಹೇಬ್ರ?"

"ಕೊಟ್ಟೇನವ್ವಾ. ತಾರೀಕು ಬರತೈತಿ, ಕಾಯಿ."

ಅಷ್ಟೇ ಮಾತು. ಆಮೇಲೆ ಪ್ರತಿ ಸಂತೆಗೂ ಬಂದಳು. ಪ್ರತಿ ಸಲವೂ ಅದೇ ಉತ್ತರ. ಒಮ್ಮೆ ಸೆರಗಿನಲ್ಲಿ ಹಸಿ ಶೇಂಗಾ ಕಟ್ಟಿಕೊಂಡು ಬಂದಿದ್ದಳು, ಮಂದಿಯ ಹೊಲದಲ್ಲಿ ಕೂಲಿ ಮಾಡಿ ಪಡೆದದ್ದು. ನಾನು ತಿಂದೆ. ಮುದ್ದತು ದಾಟಿದ ಮೇಲೆ ಅರ್ಜಿ ವಜಾ ಆಯಿತೆಂದೆ. ಅವಳು ಅಳಲಿಲ್ಲ. "ನನ್ನ ಒಂದ ಮಾತೂ ಕೇಳಲಿಲ್ಲಲ್ರಿ ಕಚೇರಿಯವ್ರು," ಎಂದಳು. ಆ ವರ್ಷವೇ ಮಗಳನ್ನು ಸಾಲಿ ಬಿಡಿಸಿ ಕೂಲಿಗೆ ಕರೆದೊಯ್ದಳು.

ನೇಕಾರನ ಮನೆ ಉಳಿಯಿತು. ಘೋಡಗೇರಿಯವಳಿಗೆ ಜೀವನಾಂಶ ಸಿಕ್ಕಿತು. ಇವು ಖರೆ. ಆದರೆ ಅವರ ಬೆನ್ನ ಹಿಂದೆ ನಾನು ಅಡಗಿಕೊಳ್ಳಲಾರೆ. ತಂಗೆವ್ವನ ಹೊಲ ಕೊಟ್ಟು ನಮ್ಮನ್ನು ಉಳಿಸಿರೆಂದು ಅವರು ಕೇಳಿರಲಿಲ್ಲ.

ವರ್ಷಗಳಾದ ಮೇಲೆ, ಹೋದ ಸುಗ್ಗಿಯ ಹೊತ್ತಿಗೆ, ತಂಗೆವ್ವ ಮತ್ತೆ ನನ್ನ ಬಾಗಿಲಿಗೆ ಬಂದಳು. ತಲೆ ಪೂರಾ ನೆರೆತಿತ್ತು. ಜೊತೆಗೆ ಅವಳೂರಿನದೇ ಇನ್ನೊಬ್ಬ ಹೆಣ್ಣುಮಗಳು; ಅದೇ ಸಾವಕಾರರು ಹೊಲ ಬಿಡಿಸಿದ್ದರು. ತಂಗೆವ್ವ ಅವಳಿಗೆ ನನ್ನನ್ನು ತೋರಿಸಿ ಅಂದಳು: "ಅಂಜಬ್ಯಾಡ. ಇವ್ರು ನನ್ನ ಸಲುವಾಗಿ ಭಾಳ ಹೊಡದಾಡ್ಯಾರ. ನನ್ನ ದೈವ ನೆಟ್ಟಗಿರಲಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಆ ಹೊಗಳಿಕೆ — ಅದನ್ನು ತಡೆಯಲಾಗಲಿಲ್ಲ. ಇಬ್ಬರ ಎದುರಿಗೇ ಎಲ್ಲವನ್ನೂ ಹೇಳಿದೆ.

ತಂಗೆವ್ವ ನನ್ನತ್ತ ತಿರುಗಿ ನಿಂತಳು. ಆಮೇಲೆ ಕೇಳಿದಳು: "ಒಲ್ಲೆ ಅಂತ ಅವತ್ತ ಹೇಳಿದ್ರ ನಾ ಬ್ಯಾರೆ ವಕೀಲರ ಕಾಲ ಹಿಡೀತಿದ್ನೆಲ್ರೀ. ಯಾಕ ಹೇಳಲಿಲ್ರಿ?"

ನನ್ನ ಕೇಡು ಪೂರ್ತಿ ಅರ್ಥವಾದದ್ದು ಆಗಲೇ. ಒಲ್ಲೆನೆಂದಿದ್ದರೆ ಅವಳಿಗೆ ಬೇರೆ ದಾರಿ ಇರುತ್ತಿತ್ತು. ನಾನು ಆ ದಾರಿಯನ್ನೇ ಮುಚ್ಚಿದೆ, ಅದೂ ಅವಳ ನಂಬಿಕೆಯನ್ನೇ ಅಡ್ಡವಿಟ್ಟು.

"ಈ ಮಾತ ಕಚೇರ್ಯಾಗ ಹೇಳ್ತೀರೇನ್ರಿ?" ಎಂದಳು.

"ಹೇಳ್ತೀನಿ."

ಜೊತೆಗೆ ಬಂದವಳ ಅರ್ಜಿಯನ್ನು ಅಂದೇ ಕೊಟ್ಟೆ. ಸಾವಕಾರರು ಹೇಳಿದಂತೆಯೇ ಮಾಡಿದರು, ಫಂಡು ಮುಚ್ಚಿತು. ಈಗ ಸಂತೆಯ ಕಾಯಿಪಲ್ಲೆಯವರು, ಹಮಾಲರು, ನೇಕಾರರು ಕೈಲಾದಷ್ಟು ರೊಕ್ಕ ಹಾಕುತ್ತಾರೆ. ಅದರಲ್ಲೇ ಬಡವರ ಕೇಸುಗಳು ನಡೆಯುತ್ತವೆ. ಕಷ್ಟವಿದೆ. ನಿಲ್ಲಿಸುವುದಿಲ್ಲ.

ವಕೀಲನೇ ಮೋಸ ಮಾಡಿದ್ದರಿಂದ ತಡವಾಯಿತು, ಆ ತಡವನ್ನು ಮನ್ನಿಸಬೇಕು ಎಂದು ತಂಗೆವ್ವನ ಪರವಾಗಿ ಬೇರೊಬ್ಬ ವಕೀಲರು ಅರ್ಜಿ ಕೊಟ್ಟಿದ್ದಾರೆ. ಅದಕ್ಕೆ ಸಾಕ್ಷಿ ನಾನೊಬ್ಬನೇ. ನಾಳೆ ನನ್ನ ಹೇಳಿಕೆ. ವಕೀಲಿಯ ಸನದು ಹೋದೀತು. ಹೋಗಲಿ ಎಂದು ದೊಡ್ಡ ಮಾತಾಡಲಾರೆ — ಹೆದರಿಕೆ ಇದೆ.

ಸಾವಕಾರರ ವಕೀಲರು ಏನು ಕೇಳುತ್ತಾರೆಂದು ಗೊತ್ತು: "ಅವಾಗ ಸುಳ್ಳು ಹೇಳಿದವ್ರು ಈಗ ಖರೆ ಹೇಳಾಕತ್ತೀರಿ ಅಂತ ಹೆಂಗ ನಂಬೂದ್ರಿ?" ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ಆದರೂ ಅವರು ಕೇಳಿ ಮುಗಿಸುವವರೆಗೆ ಕಟಕಟೆಯಿಂದ ಇಳಿಯುವುದಿಲ್ಲ.