ಕುಡ್ಲಮ್ಮನ ಸಂಘದ ಮಹದೇವಮ್ಮ

ಗಂಡಸಿ ಊರಿನ ಮಹದೇವಮ್ಮನಿಗೆ ನನ್ನನ್ನು ಕಂಡರೆ ಕೋಪ. ಅದಕ್ಕೆ ಕಾರಣ, ಅವಳ ಜೊತೆ ಕೂಲಿಗೆ ಬರುವ ಚಲುವಮ್ಮನ ಎಡಗೈಯಲ್ಲಿ ಅರ್ಧವೇ ಉಳಿದಿರುವ ತೋರುಬೆರಳು.

ನಾನು ಅರಸೀಕೆರೆಯಲ್ಲಿ ಮೇಷ್ಟ್ರು. ಗಂಡಸಿ ಹತ್ತಿರ ಎರಡು ಎಕರೆ ರಾಗಿ ಹೊಲವಿದೆ. ಭಾನುವಾರ ಟೋಪಿ ಹಾಕಿಕೊಂಡು ಬದುವಿನ ಮೇಲೆ ನಿಲ್ಲುವುದನ್ನೇ ವ್ಯವಸಾಯ ಎಂದುಕೊಂಡವನು. ಕೊಯ್ಯುವವರು ಮಹದೇವಮ್ಮ ಮತ್ತು ಅವಳ ಜೊತೆಯ ಹತ್ತು ಹೆಂಗಸರು. ಅವಳು ಹಾರನಹಳ್ಳಿಯಲ್ಲಿ ಹುಟ್ಟಿ ಹನ್ನೆರಡಕ್ಕೇ ಕುಡುಗೋಲು ಹಿಡಿದವಳು, ಈಗ ಐವತ್ತು. ಬೆಳಿಗ್ಗೆ ಬೆನ್ನು ನೆಟ್ಟಗಾಗಲು ಅರ್ಧ ಗಂಟೆ ಬೇಕು. ನಾಲಿಗೆಗೆ ಅಷ್ಟು ಹೊತ್ತು ಬೇಡ.

ಎರಡು ವರ್ಷದ ಹಿಂದೆ, ಸಂಜೆ ಐದಕ್ಕೆ ಹೊರಟವರನ್ನು "ಇದೊಂದು ಸಾಲು ಮುಗಿಸಿಬಿಡ್ರಮ್ಮ" ಎಂದು ನಿಲ್ಲಿಸಿದೆ. ಒಂದು ಸಾಲು ನಾಲ್ಕಾಯಿತು. ಆರೂವರೆಯ ಮಬ್ಬಿನಲ್ಲಿ ಚಲುವಮ್ಮನ ಕುಡುಗೋಲಿಗೆ ರಾಗಿ ಯಾವುದು, ಬೆರಳು ಯಾವುದು ತಿಳಿಯಲಿಲ್ಲ. ನಾನು ಮರ್ಯಾದಸ್ಥ. ಆಸ್ಪತ್ರೆಗೆ ಬನ್ನು, ಬಾಳೆಹಣ್ಣು ಒಯ್ದೆ.

"ಬೆರಳಿದ್ದ ಜಾಗಕ್ಕೆ ಬನ್ನು ಅಂಟುಸ್ಲಾ ಮೇಷ್ಟ್ರೇ?" ಎಂದಳು ಮಹದೇವಮ್ಮ. ವಾರ್ಡೆಲ್ಲ ತಿರುಗಿ ನೋಡಿತು.

ಅಲ್ಲಿ ಗಾಯ ಕಟ್ಟುತ್ತಿದ್ದ ಕ್ರೈಸ್ತ ಸನ್ಯಾಸಿನಿಯೊಬ್ಬರು ಇವರಿಗೆ ಸಂತ ನೋಟ್‌ಬುರ್ಗಾಳ ಕಥೆ ಹೇಳಿದರಂತೆ. ಏಳುನೂರು ವರ್ಷದ ಹಿಂದೆ, ಯುರೋಪಿನ ಬೆಟ್ಟಸೀಮೆಯಲ್ಲಿ ಅವಳೂ ಹೊಲದಾಳು. ಸಂಜೆಯ ಗಂಟೆ ಬಾರಿಸಿದ ಮೇಲೂ ಕೊಯ್ಯಿ ಎಂದ ಯಜಮಾನನೆದುರು ಕುಡುಗೋಲನ್ನು ಮೇಲಕ್ಕೆಸೆದಳು. ಅದು ಗಾಳಿಯಲ್ಲೇ ನಿಂತಿತು. ಸನ್ಯಾಸಿನಿ ಕೊಟ್ಟ ಪುಟ್ಟ ಚಿತ್ರಕ್ಕೆ ಮಹದೇವಮ್ಮ ಕುಂಕುಮವಿಟ್ಟಳು. ಹನ್ನೊಂದು ಜನ ಸೇರಿ ಸಂಘ ಕಟ್ಟಿದರು. ನೋಟ್‌ಬುರ್ಗಾ ಬಾಯಿಗೆ ಬರಲಿಲ್ಲ; ಕುಡುಗೋಲು ಇವರ ಬಾಯಲ್ಲಿ ಕುಡ್ಲು, ಹಾಗಾಗಿ ಕುಡ್ಲಮ್ಮ ಎಂದರು. ನಿಯಮ ಒಂದೇ: ಐದಕ್ಕೆ ಕುಡುಗೋಲು ಕೆಳಗೆ.

ಈ ವರ್ಷ ಅರ್ಧ ಹೊಲ ಕೊಯ್ದಾಗಿತ್ತು, ಮೋಡ ಕವಿಯಿತು. ನನ್ನ ತಲೆ ಓಡಿತು. ಕುಡ್ಲಮ್ಮನ ಚಿತ್ರವನ್ನು ಮೊಬೈಲಿನಲ್ಲಿ ಹುಡುಕಿ, ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ತಂದೆ. ಬದುವಿನ ಮೇಲಿಟ್ಟು ಸೇವಂತಿಗೆ ಹಾರ ಹಾಕಿ, ಕಾಯಿ ಒಡೆದು, ಎಲ್ಲರಿಗೂ ಸಿಹಿಪೊಂಗಲ್ ಬಡಿಸಿದೆ. ಎಲ್ಲರೂ ತಿಂದರು. ಮಹದೇವಮ್ಮ ಎರಡನೇ ಸಲವೂ ಹಾಕಿಸಿಕೊಂಡಳು. ಒಪ್ಪಿಗೆ ಎಂದುಕೊಂಡೆ.

ಐದಕ್ಕೆ ಅವಳ ಫೋನು ಗಂಟೆ ಬಾರಿಸಿತು. ಹನ್ನೊಂದು ಬೆನ್ನುಗಳು ಮೇಲೆದ್ದವು.

"ಮಳೆ ಬರ್ತಿದೆ ಮಹದೇವಮ್ಮ, ಇದೊಂದು ಸಾಲು..."

"ಆಯಮ್ಮನ್ನ ಹಿಂಗೇ ಕೇಳ್ದ ಯಜಮಾನ ಹಾರ ತಂದಿರ್ನಿಲ್ಲ. ನೀವು ಅವನಿಗಿಂತ ಬುದ್ವಂತ್ರು!" ಅವಳು ಕುಡುಗೋಲಿನಿಂದ ಹಾರ ತೋರಿಸಿದಳು. "ನಮ್ಮಮ್ಮಂಗೆ ಹೂವ ಮುಡ್ಸಿ ನಮ್ಮ ಕತ್ತಿಗೇ ಹಗ್ಗ ಹಾಕ್ತೀರಲ್ಲ, ನಾಚ್ಕೆ ಆಗಕಿಲ್ವಾ?"

"ಅಯ್ಯೋ, ಭಕ್ತಿ ಕಣಮ್ಮ!"

"ಭಕ್ತಿ ಇದ್ರೆ ಗಡಿಯಾರ ನೋಡಿ. ಇನ್ನೊಂದು ಬೆರಳು ಕೊಡಕೆ ಇಲ್ಲಿ ಯಾರೂ ಬಂದಿಲ್ಲ."

ಬದುವಿನ ಹೊಂಗೆಮರಕ್ಕೆ ಕುಡುಗೋಲು ಸಿಕ್ಕಿಸಿದಳು. "ನಮ್ಮ ಕುಡ್ಲು ಗಾಳೀಲಿ ನಿಲ್ಲಕಿಲ್ಲ. ಅದ್ಕೇ ಕೊಂಬೆ. ನಾಳೆ ಬತ್ತೀವಿ."

ಇನ್ನೂ ಒಂಬತ್ತು ಕುಡುಗೋಲು ಮರ ಹತ್ತಿದವು. ಕೊನೆಗೆ ಬಂದ ಚಲುವಮ್ಮ ತನ್ನದನ್ನು ನನ್ನ ಕೈಗೇ ಕೊಟ್ಟಳು.

"ತಗಳಿ ಮೇಷ್ಟ್ರೇ. ಒಂದೇ ಸಾಲು."

ಅವರು ಬಸ್ಸಿಗೆ ಹೋದರು. ಅವರ ಮೇಲೆ, ಮೋಡದ ಮೇಲೆ, ಹಾರ ಹಾಕಿಸಿಕೊಂಡೂ ನನ್ನ ಕಡೆ ನಿಲ್ಲದ ಆ ಚಿತ್ರದ ಹೆಂಗಸಿನ ಮೇಲೆ ಹಲ್ಲು ಕಡಿಯುತ್ತ ಕೊಯ್ದೆ. ಕಾಲು ಸಾಲಿಗೆ ಸೊಂಟ ಹಿಡಿಯಿತು. ಅರ್ಧ ಸಾಲಿಗೆ ಕತ್ತಲು ಕವಿದು ನನ್ನ ಎಡಗೈ ನನಗೇ ಕಾಣಿಸಲಿಲ್ಲ.

ತಡವರಿಸುತ್ತ ಹೋಗಿ, ಹತ್ತು ಕುಡುಗೋಲುಗಳ ಪಕ್ಕ ಹನ್ನೊಂದನೆಯದನ್ನು ಸಿಕ್ಕಿಸಿದೆ. ಆಗ ಮೊದಲ ಹನಿ ಬಿತ್ತು.