ಬದನೆಕಾಯಿಯ ನಾಲ್ಕು ಮಾತು

ಹೇಳದೆ ಹೊರಡುವ ವಿದ್ಯೆಯಲ್ಲಿ ಉಮಾಮಹೇಶ್ವರನನ್ನು ಮೀರಿಸುವವರಿರಲಿಲ್ಲ. ಮೈಸೂರಿನಿಂದ ಬಂದ ಅವನ ಸಂಸಾರ ಕೇರಳದ ಎರಡು ಊರುಗಳಲ್ಲಿ ಹಂಚಿಹೋಗಿತ್ತು. ಅವನ ನೌಕರಿ ತಿರುವನಂತಪುರದ ಒಂದು ಕೇಂದ್ರ ಸಂಸ್ಥೆಯಲ್ಲಿ. ಹೆಂಡತಿ ರಾಜಲಕ್ಷ್ಮಿಯದು ದೂರದ ಕಾಕ್ಕನಾಡಿನ ಐಟಿ ಕಂಪನಿಯಲ್ಲಿ, ಮಗಳು ಅವಳ ಜೊತೆ. ಶುಕ್ರವಾರ ಸಂಜೆಯ ರೈಲಿಗೆ ಬರುವ ಈ ಮಹಾಶಯ, ಸೋಮವಾರ ನಸುಕಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಕಳ್ಳನ ಹಾಗೆ ಬಾಗಿಲು ದಾಟುತ್ತಿದ್ದ. ಎಚ್ಚರವಾದರೆ ಆರು ವರ್ಷದ ಮಗಳು ಮಹತಿ ಅಳುತ್ತಾಳೆ. ಆ ಅಳು ನೋಡುವ ಎದೆಗಾರಿಕೆ ಅವನಿಗಿರಲಿಲ್ಲ.

"ಹೇಳಿ ಹೋಗ್ರೀ. ಎದ್ದ್ಮೇಲೆ ಮಂಚದ ಕೆಳಗೆಲ್ಲಾ ನಿಮ್ಮನ್ನ ಹುಡುಕ್ತಾಳೆ" ಎಂದು ರಾಜಲಕ್ಷ್ಮಿ ಎಷ್ಟೋ ಸಲ ಹೇಳಿದ್ದಳು. ಅವನು ತಲೆಯಾಡಿಸುತ್ತಿದ್ದ, ಮುಂದಿನ ಸೋಮವಾರ ಮತ್ತೆ ಚಪ್ಪಲಿ ಕೈಗೆತ್ತಿಕೊಳ್ಳುತ್ತಿದ್ದ.

ಮಹತಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ. ಅದಕ್ಕೇ ಅವಳನ್ನು ಮನೆಗೆ ಹತ್ತಿರದ ವೈಟ್ಟಿಲದಲ್ಲಿ ಮೇರಿ ಟೀಚರ್ ನಡೆಸುವ ಭಾನುವಾರದ ಕನ್ನಡ ತರಗತಿಗೆ ಸೇರಿಸಿದ್ದರು. ಟೀಚರ್ ತರಕಾರಿಗಳ ನಾಟಕ ಬರೆದು ಅವಳಿಗೆ ಬದನೆಕಾಯಿಯ ಪಾತ್ರ ಕೊಟ್ಟರು: ಕೊನೆಯ ದೃಶ್ಯ, ನಾಲ್ಕೇ ಮಾತು. ಎದುರಿಗೆ ಫೋನುಗಳ ಗೋಡೆ ಎದ್ದರೆ ಮಕ್ಕಳ ಬಾಯಿ ಕಟ್ಟುತ್ತದೆಂದು ನಾಟಕದ ದಿನ ಎಲ್ಲರ ಫೋನುಗಳನ್ನೂ ಒಂದು ಚೀಲಕ್ಕೆ ಹಾಕಿಸಿಕೊಂಡರು. ವಿಡಿಯೊ ತೆಗೆದವನು ಅಶ್ರಫ್ ಒಬ್ಬನೇ. ಅವನು ಉಮಾಮಹೇಶ್ವರನ ಕಾಸರಗೋಡಿನ ಗೆಳೆಯ, ತಿರುವನಂತಪುರದಲ್ಲಿ ಮದುವೆಗಳ ವಿಡಿಯೊ ಮಾಡುವವನು.

ಆ ಭಾನುವಾರವೇ ಉಮಾಮಹೇಶ್ವರನಿಗೆ ಡ್ಯೂಟಿ ಬಿತ್ತು. ಮಗಳು ಕನ್ನಡ ಮಾತಾಡಿದ್ದನ್ನು ಸಭೆಯೆಲ್ಲ ಕೇಳಿತು, ಅಪ್ಪ ಕೇಳಲಿಲ್ಲ. ಆ ಮಾತು ನನಗೂ ಹೇಳು ಎಂದು ಫೋನಿನಲ್ಲಿ ಗೋಗರೆದರೆ, "ವಿಡಿಯೋಯಿಲ್ ಕಾಣಾಂ" ಎಂದಳು ಮಹತಿ. ವಿಡಿಯೊದಲ್ಲೇ ನೋಡಿಕೊ ಎಂಬ ಬಿಗುಮಾನ. ಅವನು ಆ ವಾರವೆಲ್ಲ ಶುಕ್ರವಾರಕ್ಕಾಗಿ ಕಾದ.

ಇಲ್ಲಿ, ಕಂಪ್ಯೂಟರಿಗೆ ವೈರಿನಿಂದ ಸಿಕ್ಕಿಸುವ ಅವನ ಹಾರ್ಡ್ ಡಿಸ್ಕಿನ ವಿಷಯ ಹೇಳಬೇಕು. ತಿಂಗಳ ಹಿಂದೆ, ಕಾಪಿ ಆಗುವುದು ನಿಧಾನವೆಂದು ಸಿಡುಕಿ, ಅದರ ಸೆಟ್ಟಿಂಗ್ ಬದಲಿಸಿದ್ದ. ಮೊದಲು ಅದು 'ಕ್ವಿಕ್ ರಿಮೂವಲ್'ನಲ್ಲಿತ್ತು. ಹಾಗಿದ್ದಾಗ ಕಂಪ್ಯೂಟರು ಬಂದದ್ದನ್ನು ಬಂದ ಹಾಗೆ ಡಿಸ್ಕಿಗೆ ಬರೆಯುತ್ತದೆ. ನಿಧಾನವೇ, ಆದರೆ ಕಾಪಿ ಮುಗಿದ ಮೇಲೆ ವೈರು ಕಿತ್ತರೆ ಭಯವಿಲ್ಲ. ಇವನು ಅದನ್ನು 'ಬೆಟರ್ ಪರ್ಫಾರ್ಮೆನ್ಸ್' ಮಾಡಿದ. ಈಗ ಕಂಪ್ಯೂಟರು ಒಂದಷ್ಟನ್ನು ತನ್ನ ಕೈಯಲ್ಲೇ ಇಟ್ಟುಕೊಂಡು, ಆಯಿತು ಎಂದುಬಿಡುತ್ತದೆ. ಒಣಗಿದ ಬಟ್ಟೆಯನ್ನು ಕುರ್ಚಿಯ ಮೇಲೆ ರಾಶಿ ಹಾಕಿ, ಎಲ್ಲ ಎತ್ತಿಟ್ಟೆ ಎಂದು ಗಂಡಂದಿರು ಹೇಳುವುದಿಲ್ಲವೇ, ಹಾಗೆ. ಆದ್ದರಿಂದ ವೈರು ಕೀಳುವ ಮುಂಚೆ 'ಎಜೆಕ್ಟ್' ಒತ್ತಬೇಕು. ಇನ್ನು ತೆಗೆಯಬಹುದು ಎಂದು ಅದು ಹೇಳುವ ತನಕ ಕಾಯಬೇಕು. ಆಫೀಸಿನ ಹೊಸಬರಿಗೆಲ್ಲ ಇದನ್ನು ಬೆರಳೆತ್ತಿ ಬೋಧಿಸುವವನೂ ಉಮಾಮಹೇಶ್ವರನೇ.

ಶುಕ್ರವಾರ ಸಂಜೆ ಅಶ್ರಫ್ ಕ್ಯಾಮೆರಾದ ಕಾರ್ಡ್ ತಂದುಕೊಟ್ಟ. ಮರುದಿನದ ಮದುವೆಗೆ ಅವನಿಗೆ ಅದೇ ಕಾರ್ಡ್ ಬೇಕಿತ್ತು. ಕಾರ್ಡಿನಿಂದ ಡಿಸ್ಕಿಗೆ ಕಾಪಿ ಆಗುವುದನ್ನು ತೋರಿಸುತ್ತಿದ್ದ ಪೆಟ್ಟಿಗೆ ಪರದೆಯಿಂದ ಮಾಯವಾಯಿತು, ಅಶ್ರಫ್ ಕಾರ್ಡ್ ತೆಗೆದುಕೊಂಡು ಹೋದ. ಹೊರಗೆ ಆಟೊ ಹಾರ್ನ್ ಹೊಡೆಯಿತು. ರೈಲಿನ ಧ್ಯಾನದಲ್ಲಿದ್ದ ಉಮಾಮಹೇಶ್ವರ ಸರಕ್ಕನೆ ವೈರು ಕಿತ್ತು, ಡಿಸ್ಕನ್ನು ಚೀಲಕ್ಕೆ ತುರುಕಿ ಓಡಿದ.

ಶನಿವಾರ ಬೆಳಿಗ್ಗೆ ಮೂವರೂ ಟಿವಿ ಮುಂದೆ ಕೂತರು. ಟೊಮೆಟೊ ಬಂತು, ಬೆಂಡೆಕಾಯಿ ಬಂತು, ಕುಂಬಳಕಾಯಿ ಎಡವಿ ಬಿದ್ದು ಚಪ್ಪಾಳೆ ಗಿಟ್ಟಿಸಿತು. ಕೊನೆಯ ದೃಶ್ಯದ ಫೈಲಿಗೆ ಹೆಸರಿತ್ತು, ಒಳಗೆ ಏನೂ ಇರಲಿಲ್ಲ.

ಉಮಾಮಹೇಶ್ವರ ಅಶ್ರಫ್‌ಗೆ ಫೋನ್ ಮಾಡಿದ.

"ಕಾರ್ಡ್ ಖಾಲಿ ಮಾಡಿಯಾಯ್ತಲ್ಲಾ ಮಾರಾಯ. ಅದ್ರಲ್ಲಿ ಈಗ ಮದುಮಗಳು ಉಂಟು" ಎಂದ ಅಶ್ರಫ್, ಪಾಪ, ತಾನೇ ತಪ್ಪು ಮಾಡಿದವನ ದನಿಯಲ್ಲಿ.

ರಾಜಲಕ್ಷ್ಮಿ ತನಗೆ ಗೊತ್ತಿದ್ದ ರಿಕವರಿ ಸಾಫ್ಟ್‌ವೇರನ್ನೆಲ್ಲ ಓಡಿಸಿ ನೋಡಿದಳು. ಅಳಿಸಿದ್ದನ್ನು ಹುಡುಕಿ ತೆಗೆಯಬಹುದು. ಬರೆಯದೇ ಇದ್ದದ್ದನ್ನು ಎಲ್ಲಿಂದ ತರುವುದು?

"ಎಜೆಕ್ಟ್ ಒತ್ತಿದ್ರಾ?"

"ರೈಲಿಗೆ ಹೊತ್ತಾಗಿತ್ತು ರಾಜಿ."

"ಊರಿಗೆಲ್ಲಾ ಪಾಠ ಹೇಳ್ತೀರಿ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ" ಎಂದವಳು, ಬದನೆಕಾಯಿ ಪಕ್ಕದಲ್ಲೇ ನಿಂತದ್ದು ಕಂಡು ನಾಲಿಗೆ ಕಚ್ಚಿಕೊಂಡಳು.

"ಎಂಡೆ ಸೀನ್ ಎವಿಡೆ?" ನನ್ನ ಸೀನ್ ಎಲ್ಲಿ, ಎಂದು ಕೇಳುತ್ತಿದ್ದಳು ಮಹತಿ.

ಕ್ಯಾಮೆರಾ ಕೆಟ್ಟಿತ್ತು ಎಂದುಬಿಡಬಹುದಿತ್ತು. ಅದು ಅವನ ನಾಲಿಗೆಯ ತುದಿಯವರೆಗೂ ಬಂದಿತ್ತು. "ನಂದೇ ತಪ್ಪು ಪುಟ್ಟಿ. ಕಂಪ್ಯೂಟರ್‌ಗೆ ಹೇಳದೇನೇ ಡಿಸ್ಕ್ ಕಿತ್ಕೊಂಡು ಬಂದ್ಬಿಟ್ಟೆ" ಎಂದ.

ಮಹತಿ ಅವನನ್ನು ನೋಡಿದಳು. "ಅಪ್ಪ ಎಪ್ಪೋಳುಂ ಅಂಙನೆಯಾ." ಅಪ್ಪ ಯಾವಾಗಲೂ ಹಾಗೇ.

ಅವಳು ಕೂಗಾಡಲಿಲ್ಲ, ಗೊತ್ತಿದ್ದ ಸಂಗತಿಯನ್ನು ಹೇಳುವಂತೆ ಹೇಳಿ, ಗೊಂಬೆ ಎತ್ತಿಕೊಂಡು ಒಳಗೆ ಹೋದಳು. ಉಮಾಮಹೇಶ್ವರನಿಗೆ ಅದು ಕಪಾಳಕ್ಕೆ ಹೊಡೆದ ಹಾಗಾಯಿತು. ಇಷ್ಟು ವರ್ಷ ತಾನು ಮಗಳ ಅಳು ತಪ್ಪಿಸುತ್ತಿದ್ದೇನೆ ಎಂದುಕೊಂಡಿದ್ದ. ತಪ್ಪಿಸಿದ್ದು ತನ್ನ ಸಂಕಟವನ್ನು ಮಾತ್ರ. ಅಳು ಅವನಿಲ್ಲದ ಮನೆಯಲ್ಲಿ ನಡೆಯುತ್ತಲೇ ಇತ್ತು. ಎರಡು ದಿನ ಬೇಡಿಕೊಂಡರೂ ಬದನೆಕಾಯಿ ಬಾಯಿ ಬಿಡಲಿಲ್ಲ. ಅವನು ಡಿಸ್ಕಿನ ಸೆಟ್ಟಿಂಗನ್ನು ಮತ್ತೆ ನಿಧಾನಕ್ಕೇ ತಿರುಗಿಸಿಟ್ಟ. ಆದರೂ ಮನಸ್ಸಿಗೆ ಸಮಾಧಾನವಾಗಲಿಲ್ಲ.

ಸೋಮವಾರ ನಸುಕಿನಲ್ಲಿ ಬಾಗಿಲವರೆಗೆ ಹೋದವನು ಚಪ್ಪಲಿ ಕೆಳಗಿಟ್ಟು ತಿರುಗಿ ಬಂದ. ಮಗಳ ಹಾಸಿಗೆಯ ಅಂಚಿನಲ್ಲಿ ಕೂತು ಬೆನ್ನು ಸವರಿದ.

"ಮಹತಿ, ಏಳಮ್ಮಾ. ನಾನು ಹೋಗ್ಬರ್ತೀನಿ."

ಅವಳು ಕಣ್ಣು ಬಿಟ್ಟಳು. ಅವನು ಹೆದರಿದ್ದಂತೆಯೇ ಆಯಿತು: ಹೋ ಎಂದು ಅತ್ತಳು, ಅಂಗಿ ಹಿಡಿದು ಎಳೆದಳು. ಕೆಳಗೆ ಆಟೊ ಹಾರ್ನ್ ಹೊಡೆಯಿತು. ಅವನು ಏಳಲಿಲ್ಲ. ರಾಜಲಕ್ಷ್ಮಿ ಬಾಲ್ಕನಿಗೆ ಹೋಗಿ, ಸ್ವಲ್ಪ ಇರಿ ಎಂದು ಆಟೊದವನಿಗೆ ಕೈಸನ್ನೆ ಮಾಡಿದಳು.

ಅಳು ಬಿಕ್ಕಳಿಕೆಗೆ ಇಳಿದ ಮೇಲೆ ಮಹತಿ ಹಾಸಿಗೆಯ ಮೇಲೆ ಎದ್ದು ನಿಂತಳು. ಮೂಗು ಒರೆಸಿಕೊಂಡಳು. ಎರಡೂ ಕೈಯನ್ನು ತಲೆಯ ಮೇಲೆ ತೊಟ್ಟಿನ ಹಾಗೆ ಹಿಡಿದಳು.

"ನಾನು ಬದನೆಕಾಯಿ. ನನ್ನ ತಲೆ ಮೇಲೆ ಕಿರೀಟ ಇದೆ. ಆದರೂ ನನ್ನನ್ನು ಯಾರೂ ರಾಜ ಅನ್ನೋದಿಲ್ಲ." ಮತ್ತೊಂದು ಬಿಕ್ಕು. "ಎಣ್ಣೆಗಾಯಿ ಮಾಡಿದ ದಿನ ಮಾತ್ರ ಎಲ್ಲರಿಗೂ ನನ್ನ ನೆನಪು!"

ಉಮಾಮಹೇಶ್ವರನಿಗೆ ಚಪ್ಪಾಳೆ ತಟ್ಟಲೂ ಆಗಲಿಲ್ಲ. ಕಣ್ಣು ಮಂಜಾಗಿತ್ತು. ಹಾರ್ನ್ ಮತ್ತೆ ಕೇಳಿಸಿತು, ಈ ಸಲ ಉದ್ದವಾಗಿ. ಅವನು ಎದ್ದು ಬಾಗಿಲಿಗೆ ಬಂದು ಚಪ್ಪಲಿ ಮೆಟ್ಟಿದ.

"ಅಪ್ಪಾ," ಹಿಂದಿನಿಂದ ಮಹತಿ ಕರೆದಳು. "ಹೋಗಿ ಬಾ."

ಆ ನಾಲ್ಕು ಮಾತು ಟೀಚರ್ ಬರೆದುಕೊಟ್ಟದ್ದು. ಇದನ್ನು ಅವಳಿಗೆ ಯಾರೂ ಬರೆದುಕೊಟ್ಟಿರಲಿಲ್ಲ.