ಕುಬಸದ ಮನೆಯ ಬ್ಯಾರಲ್

ನನ್ನ ಕೆಲಸ ಜನರನ್ನು ಹೆದರಿಸುವುದು. ಗುರುತಿನ ಚೀಟಿಯಲ್ಲಿ ಮಾತ್ರ ಸುರಕ್ಷತಾ ಅಧಿಕಾರಿ ಎಂದಿದೆ. ಬಾಗಲಕೋಟೆಯಿಂದ ದಿನಾ ಬಸ್ಸು ಹತ್ತಿ ಸಕ್ಕರೆ ಕಾರ್ಖಾನೆಯೊಂದಕ್ಕೆ ಹೋಗುತ್ತೇನೆ. ಗೇಟಿನ ಒಳಗಿನ ಬೇವಿನ ಮರದ ಕೆಳಗೆ ಗುತ್ತಿಗೆಯ ಕೂಲಿಕಾರರನ್ನು ನಿಲ್ಲಿಸಿಕೊಂಡು, ಯಾವ ಬ್ಯಾರಲಿನಲ್ಲಿ ಏನಿದೆ, ಮೈಮೇಲೆ ಬಿದ್ದರೆ ಏನಾಗುತ್ತದೆ, ಉಸಿರಿನಲ್ಲಿ ಒಳಗೆ ಹೋದರೆ ಏನಾಗುತ್ತದೆ ಎಂದು ಹೇಳುತ್ತೇನೆ. ಅವರು ಅಂಗೈಯಲ್ಲಿ ತಂಬಾಕು ತಿಕ್ಕುತ್ತ ಕೇಳುತ್ತಾರೆ. ದಿನವೂ ಅದೇ ಪಾಠ ಹೇಳುವುದರಿಂದ ನನ್ನನ್ನು ಅಕ್ಕೋರು ಎನ್ನುತ್ತಾರೆ. ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಕರೆಯುವುದು ಹಾಗೆಯೇ. ಮಾತು ಯಾರ ಕಿವಿಗೂ ಇಳಿಯದ ವಿಷಯದಲ್ಲೂ ಎರಡೂ ಕೆಲಸ ಒಂದೇ.

ಬೋರ್ಡುಗಳಿಗಂತೂ ಕಡಿಮೆಯಿಲ್ಲ. ಮುಖ್ಯ ಕಚೇರಿಯವರು ಬೆಂಗಳೂರಿನಲ್ಲಿ ಬರೆಸಿ ಕಳಿಸಿದವು. 'ಅಪಾಯಕಾರಿ ರಾಸಾಯನಿಕಗಳ ನಿರ್ವಹಣೆಯಲ್ಲಿ ವೈಯಕ್ತಿಕ ಸಂರಕ್ಷಣಾ ಸಾಧನಗಳ ಬಳಕೆ ಕಡ್ಡಾಯವಾಗಿರುತ್ತದೆ.' ಒಂದು ದಿನ ಗುತ್ತಿಗೆ ತಂಡದ ಮುಕಾದಮ ಅದರ ಮುಂದೆ ನಿಂತು ನಿಧಾನಕ್ಕೆ ಓದಿ, "ಇದನ್ನ ಯಾರಿಗೆ ಬರದಾರ್ರಿ ಅಕ್ಕೋರ?" ಎಂದು ಕೇಳಿದ.

"ನಿಮಗ."

"ಹೌದೇನ್ರಿ? ನಾವು ತಪಾಸಣಿಗೆ ಬರೋ ಇನ್‌ಸ್ಪೆಕ್ಟರ್ ಸಾಹೇಬರಿಗೆ ಅಂತ ತಿಳಕೊಂಡಿದ್ವಿ."

ಕೂಲಿಕಾರರನ್ನು ಕರೆತಂದು ಕೆಲಸ ಮಾಡಿಸುವ ಈ ಮನುಷ್ಯ ಅಮೀನಗಡದ ಹತ್ತಿರದ ಹಳ್ಳಿಯವನು. ಹಾಗೆ ನೋಡಿದರೆ ನನ್ನ ವಿದ್ಯಾರ್ಥಿಗಳಲ್ಲಿ ಅವನೇ ಜಾಣ. ಕಾಸ್ಟಿಕ್ ಕಣ್ಣಿಗೆ ಸಿಡಿದರೆ ಏನು ಮಾಡಬೇಕು ಎಂದರೆ ನಿದ್ದೆಯಲ್ಲೂ ಹೇಳಿಯಾನು. ಕಾರ್ಖಾನೆ ಕೊಟ್ಟ ರಕ್ಷಣೆಯ ಕನ್ನಡಕ ಹಾಕಿಕೊಳ್ಳುತ್ತಾನೆ, ಆದರೆ ಹಣೆಯ ಮೇಲೆ. ನನ್ನನ್ನು ಕಂಡಾಗ ಅದು ಕಣ್ಣಿಗೆ ಇಳಿಯುತ್ತದೆ, ನಾನು ಆ ಕಡೆ ತಿರುಗಿದರೆ ಮತ್ತೆ ಮೇಲೇರುತ್ತದೆ. ಇದನ್ನು ಅವನು ನನಗೆ ಕೊಡುವ ಮರ್ಯಾದೆ ಎಂದೇ ತಿಳಿದಿದ್ದಾನೆ. ನನಗೆ ಸಿಟ್ಟು ಬರುತ್ತದೆ, ನಗುವೂ ಬರುತ್ತದೆ. ಸಿಟ್ಟನ್ನಷ್ಟೇ ತೋರಿಸುತ್ತೇನೆ.

ಹೋದ ವರ್ಷ ಅವನ ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಕರೆ ಬಂತು. ಚೊಚ್ಚಲ ಬಸಿರು, ಊಟ ಸೇರುವುದಿಲ್ಲ ಎಂದು ಇಳಕಲ್ಲಿನ ಗಂಡನ ಮನೆಯಿಂದ ಬೇಗನೆ ತವರಿಗೆ ಕರೆತಂದಿದ್ದ. "ಅಕ್ಕೋರು ಬಂದು ಉಡಿ ತುಂಬಲಿಕ್ಕೇ ಬೇಕು" ಎಂದು ಹಟ ಹಿಡಿದ. ಅಮೀನಗಡದಲ್ಲಿ ಇಳಿದು ಕರದಂಟು ಕಟ್ಟಿಸಿಕೊಂಡು, ಟಂಟಂ ಹಿಡಿದು ಹಳ್ಳಿಗೆ ಹೋದೆ.

ಮನೆಯ ಪಡಸಾಲೆ ತುಂಬ ಇಳಕಲ್ ಸೀರೆಗಳು. ಶೇಂಗಾ ಹೋಳಿಗೆಯ ವಾಸನೆ. ಬೀಗರು ಆಗಲೇ ಬಂದು ಗೋಡೆಗೆ ಒರಗಿ ಕುಳಿತಿದ್ದರು. ನಾನು ಕುಳಿತ ಕೂಡಲೆ ಮುಕಾದಮನ ಹೆಂಡತಿ ನೀರು ತಂದುಕೊಟ್ಟಳು. ಚೊಂಬನ್ನು ಬಾಯಿಗೆ ಎತ್ತುವಾಗ ಆಕೆ ನೀರು ತೋಡಿಕೊಂಡ ಮೂಲೆಯ ಕಡೆ ಕಣ್ಣು ಹೋಯಿತು. ಅಲ್ಲಿ ಒಂದು ನೀಲಿ ಬ್ಯಾರಲ್ ಇತ್ತು. ಮೇಲೆ ಮೂರು ಬೆರಳ ವಿಭೂತಿ, ಅದರ ಕೆಳಗೆ ತಲೆಬುರುಡೆ, ಎರಡು ಎಲುಬು. ನಮ್ಮ ಕಾರ್ಖಾನೆಯ ಬಾಯ್ಲರಿನ ನೀರಿಗೆ ಹಾಕುವ ಹೈಡ್ರಜೀನ್ ಎಂಬ ವಿಷದ ಚೀಟಿ ಅದು, ಒಂದು ಚೂರೂ ಹರಿಯದೆ ಎಲ್ಲರಿಗೂ ಕಾಣುವಂತೆ ಮುಂದಕ್ಕೆ ತಿರುಗಿತ್ತು.

ಚೊಂಬನ್ನು ಕೆಳಗಿಟ್ಟು, "ಆ ಚಿತ್ರ ಯಾಕ ಹಂಗ ಬಿಟ್ಟೀರಿ?" ಎಂದು ಕೇಳಿದೆ.

ಮುಕಾದಮನಿಗೆ ಹಿಗ್ಗು. "ನೀವ ಕಲಿಸಿದ್ದಲ್ರಿ ಅಕ್ಕೋರ. ಈ ಚಿತ್ರ ಕಂಡ್ರ ಯಾರೂ ಮುಟ್ಟಬಾರದು ಅಂತ. ನಮ್ಮ ಓಣ್ಯಾಗ ನಳದ ನೀರು ಯಾವಾಗ ಬರತೈತೋ ದೇವರಿಗೇ ಗೊತ್ತು. ತುಂಬಿಟ್ರ ಬಾಜೂದವರ ಹುಡುಗರು ಬಂದು ಕೈ ಅದ್ದತಿದ್ರು. ಚಿತ್ರದ ಅರ್ಥ ಎಲ್ಲಾರಿಗೂ ಕೂಡಿಸಿ ಹೇಳಿದೆ. ಈಗ ಒಬ್ರೂ ಮುಟ್ಟಂಗಿಲ್ಲ."

ಇಷ್ಟು ವರ್ಷ ಗಂಟಲು ಹರಿದುಕೊಂಡಿದ್ದು ಒಂದು ಕಡೆಯಾದರೂ ಫಲ ಕೊಟ್ಟಿತ್ತು. ಕಾರ್ಖಾನೆಯೊಳಗೆ ಯಾರೂ ತಿರುಗಿ ನೋಡದ ಚಿತ್ರಕ್ಕೆ ಆ ಓಣಿಯಲ್ಲಿ ಎಲ್ಲರೂ ಹೆದರುತ್ತಿದ್ದರು, ಅದರ ನೀರು ಕುಡಿಯುತ್ತಿದ್ದ ಮನೆಯವರನ್ನು ಬಿಟ್ಟು.

ಅವನು ಅದನ್ನು ಕದ್ದು ತಂದದ್ದೂ ಅಲ್ಲ. ಸುರಕ್ಷತಾ ಸಪ್ತಾಹದಲ್ಲಿ ಪ್ರಶ್ನೆಗಳಿಗೆ ಸರಿಯುತ್ತರ ಹೇಳಿ ಗೆದ್ದದ್ದು. ಖಾಲಿ ಬ್ಯಾರಲ್ ಕತ್ತರಿಸಿ ಬಿಸಾಡುವುದು ದಂಡ, ಬಹುಮಾನ ಕೊಟ್ಟರೆ ಕೂಲಿಕಾರರಿಗೂ ಖುಷಿ ಎಂಬ ವಿಚಾರ ಮ್ಯಾನೇಜರರಿಗೆ ಹೊಳೆದಿತ್ತು. ನಾನು ಜಗಳ ತೆಗೆದಿದ್ದೆ. "ತೊಳಿಸೇವ್ರಿ ಮೇಡಂ, ಚೊಲೋತಂಗ ತೊಳಿಸೇವಿ" ಎಂದು ಹೇಳಿ ಅವರು ಹಾರ ಹಾಕಿಸಿಕೊಳ್ಳಲು ವೇದಿಕೆ ಹತ್ತಿದ್ದರು. ಆ ಪ್ಲಾಸ್ಟಿಕ್ಕು ವಿಷವನ್ನು ಹೀರಿಕೊಂಡಿರುತ್ತದೆ, ತೊಳೆದರೆ ಹೋಗುವಂಥದ್ದಲ್ಲ. ಆ ವಾರದ ಚಪ್ಪಾಳೆಯಲ್ಲಿ ಇದು ಯಾರಿಗೂ ಕೇಳಿಸಲಿಲ್ಲ.

ಬೀಗರ ಮುಂದೆ, ಶುಭಕಾರ್ಯದ ದಿನ, ಬಸುರಿ ಮಗಳಿಗೆ ವಿಷದ ಬ್ಯಾರಲಿನ ನೀರು ಕುಡಿಸುತ್ತಿದ್ದೀಯ ಎಂದು ಆ ತಂದೆಗೆ ಹೇಗೆ ಹೇಳುವುದು? ನನ್ನ ಬಾಯಿ ದೊಡ್ಡದು ಎಂದು ಕಾರ್ಖಾನೆಯಲ್ಲಿ ಹೆಸರಿದೆ. ಆ ಪಡಸಾಲೆಯಲ್ಲಿ ಅದಕ್ಕೆ ಬೀಗ ಬಿದ್ದಿತ್ತು. ಎದ್ದು ಒಳಮನೆಗೆ ಹೋದೆ. ಮಗಳು ಹಸಿರು ಸೀರೆ ಉಟ್ಟು ಒಬ್ಬಳೇ ಕುಳಿತು ಬಳೆಗಳನ್ನು ಹಿಂದೆ ಮುಂದೆ ಸರಿಸುತ್ತಿದ್ದಳು. ಅವಳ ಕೈ ಹಿಡಿದುಕೊಂಡು ಬ್ಯಾರಲಿನ ಸಂಗತಿ ಹೇಳಿದೆ. ಅವಳ ಮುಖ ಸಣ್ಣಗಾಯಿತು.

"ಇಲ್ಲೀತನ ಕುಡದದ್ದಕ್ಕ ಏನೂ ಆಗಂಗಿಲ್ಲೇನ್ರಿ ಅಕ್ಕೋರ?"

"ಏನೂ ಆಗಂಗಿಲ್ಲ ತಂಗಿ. ಇನ್ನ ಮ್ಯಾಲ ಕುಡೀಬ್ಯಾಡ, ಅಷ್ಟ."

ಅವಳು ಎದ್ದು ನಿಂತಳು. ಆಮೇಲೆ ಸೆರಗು ಸರಿಮಾಡಿಕೊಂಡು ಹೊರಗೆ ಬಂದು, ಎಲ್ಲರಿಗೂ ಕೇಳುವಂತೆ, "ಅವ್ವಾ, ನನಗ ತಾಮ್ರದ ಕೊಡದಾಗಿನ ನೀರು ಕುಡೀಬೇಕು ಅನಸಾಕತ್ತೈತಿ. ಪ್ಲಾಸ್ಟಿಕ್ಕಿನ ವಾಸನಿ ಬಂದ್ರ ಹೊಟ್ಟಿ ತೊಳಸತೈತಿ. ಆ ಬ್ಯಾರಲ್ ಹೊರಗ ಹಾಕ್ರಿ" ಎಂದಳು.

ಕುಬಸದ ದಿನ ಬಸುರಿಯ ಬಯಕೆಗೆ ಇಲ್ಲವೆನ್ನುವ ಧೈರ್ಯ ಯಾವ ಮನೆಯಲ್ಲಿದೆ? ನಾನು ಹತ್ತು ಬೋರ್ಡು ಬರೆಸಿದ್ದರೂ ಆಗದ ಕೆಲಸ ಅವಳ ಒಂದು ಮಾತಿನಲ್ಲಿ ಆಯಿತು. ಅಟ್ಟದಿಂದ ಕೊಡ ಇಳಿಯಿತು, ಹುಣಸೆಹಣ್ಣು ಬಂತು, ತಿಕ್ಕಿದ್ದೇ ತಿಕ್ಕಿದ್ದು. ಮುಕಾದಮ ತಾನೇ ಬ್ಯಾರಲ್ ಉರುಳಿಸಿ ನೀರನ್ನು ಅಂಗಳಕ್ಕೆ ಚೆಲ್ಲಿದ. ನನಗೆ ನನ್ನ ಮೇಲೆಯೇ ಅಭಿಮಾನ ಉಕ್ಕಿತು. ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಂಡು ಉಂಡೆ. ಅಪಾಯವನ್ನು ತಿಳಿಸುವುದು ಒಂದು ಕಲೆ ಎಂದು ಮುಂದಿನ ತರಬೇತಿಯಲ್ಲಿ ಹೇಳಬೇಕೆಂದೂ ಅಂದುಕೊಂಡೆ.

ಊಟ ಮುಗಿದು ಬೀಗರು ಹೊರಡುವ ಹೊತ್ತಿಗೆ ನಾನೂ ಹೊರಗೆ ಬಂದೆ. ಅವರ ಗಾಡಿಯ ಮೇಲೆ ಮುಕಾದಮ ಹಗ್ಗ ಎಳೆದು ಏನನ್ನೋ ಕಟ್ಟುತ್ತಿದ್ದ. ನೋಡಿದರೆ ಅದೇ ನೀಲಿ ಬ್ಯಾರಲ್.

"ನಮ್ಮಲ್ಲೆ ಬ್ಯಾಡ ಅಂದ ಮ್ಯಾಲ ಇಲ್ಲಿ ಯಾಕ ಇರಬೇಕ್ರಿ" ಎಂದ ಅವನು ಸಂತೋಷದಿಂದ. "ಬೀಗತಿ ಕೇಳಿದ್ರು. ಇಳಕಲ್‌ನ್ಯಾಗೂ ನೀರಿನ ತ್ರಾಸ ಐತಿ. ಬಾಣಂತನ ಮುಗಿಸಿ ಮಗಳು ಹ್ವಾದ್ರ ಅಕಿಗೂ ಕೂಸಿಗೂ ಬೇಕಾಗತೈತಿ."

ನನ್ನ ಜಾಣತನವೆಲ್ಲ ಆ ಹಗ್ಗದಲ್ಲಿ ಬಿಗಿಯಾಗಿ ಕೂತಿತ್ತು. ಇನ್ನು ಮುಚ್ಚುಮರೆ ಮಾಡುವುದು ಸಾಧ್ಯವಿರಲಿಲ್ಲ. ಗಾಡಿಯ ಮುಂದೆ ನಿಂತು, ದಿನಾ ಬೇವಿನ ಮರದ ಕೆಳಗೆ ಹೇಳುವುದನ್ನೇ ಓಣಿಯಲ್ಲಿ ಹೇಳಿದೆ. ಅದು ವಿಷದ ಬ್ಯಾರಲ್, ತೊಳೆದರೂ ಹೋಗುವುದಿಲ್ಲ, ಅದರ ನೀರು ಯಾರೂ ಕುಡಿಯಬಾರದು, ದನಕ್ಕೂ ಇಡಬಾರದು.

ಬೀಗತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಳಗಿಳಿದರು. "ವಿಷ ಅಂತ ಗೊತ್ತಿದ್ರ ಕೊಟ್ಟವರು ಯಾರ್ರಿ?"

"ನಮ್ಮ ಕಾರ್ಖಾನಿಯವರು" ಎಂದೆ.

"ಮತ್ತ ನೀವು ಯಾವ ಕಾರ್ಖಾನಿಯವರು?"

ಮುಕಾದಮ ಹಗ್ಗ ಬಿಚ್ಚಿದ. ಬ್ಯಾರಲನ್ನು ಇಳಿಸಿ ನೆಲಕ್ಕಿಟ್ಟು, ಅದರಿಂದ ದೂರ ಸರಿದು ನಿಂತ. ಇಷ್ಟು ವರ್ಷಗಳಲ್ಲಿ ಅವನು ಯಾವ ಬ್ಯಾರಲಿನಿಂದಲೂ ಹಾಗೆ ದೂರ ನಿಂತದ್ದನ್ನು ನಾನು ನೋಡಿರಲಿಲ್ಲ.

"ನೀವು ದಿನಾ ಹೇಳೂದು ಡ್ಯೂಟಿ ಮಾತು ಅಂತ ತಿಳಕೊಂಡಿದ್ದೆ ಅಕ್ಕೋರ" ಎಂದ. ದನಿ ಕೆಳಗಿತ್ತು. "ಗೇಟ್ ದಾಟಿದ ಮ್ಯಾಲೂ ಅದು ಖರೆ ಇರತೈತಿ ಅಂತ ತಿಳೀಲಿಲ್ಲ. ತವರಿಗೆ ಬಂದಾಗಿಂದ ಅಕಿ ಇದ ನೀರು ಕುಡದಾಳ. ಕೂಸಿಗೆ ಏನರ ಆಗತೈತೇನ್ರಿ?"

ಕಣ್ಣಿಗೆ ಬಿದ್ದರೆ ಏನು, ಚರ್ಮಕ್ಕೆ ತಾಗಿದರೆ ಏನು, ಎಲ್ಲವೂ ನನಗೆ ಬಾಯಿಪಾಠ. ಬಸುರಿ ಕುಡಿದರೆ ಏನು ಎಂಬುದು ಮಾತ್ರ ಆ ಪಾಠದಲ್ಲಿ ಇರಲಿಲ್ಲ. ನನಗೆ ಭಯವಾಯಿತು, ಅದನ್ನು ಮುಚ್ಚಿಡಲೂ ಆಗಲಿಲ್ಲ.

"ಗೊತ್ತಿಲ್ಲ" ಎಂದೆ. "ಖರೇನ ಗೊತ್ತಿಲ್ಲ. ನಾಳೆ ಬಾಗಲಕೋಟಿ ದೊಡ್ಡ ದವಾಖಾನಿಗೆ ಕರಕೊಂಡು ಹೋಗೂಣು. ನಾನೂ ಬರ್ತೇನಿ."

ಬಾಗಿಲಲ್ಲಿ ಬಳೆ ಸದ್ದಾಯಿತು. ಮಗಳು ಹೊಸ್ತಿಲ ಒಳಗೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಪ್ಪನನ್ನು ನೋಡಲಿಲ್ಲ, ಅತ್ತೆಯನ್ನೂ ನೋಡಲಿಲ್ಲ, ನನ್ನನ್ನೇ ನೋಡಿದಳು.

"ಆಗ ಒಳಮನ್ಯಾಗ ನನಗ ಏನೂ ಆಗಂಗಿಲ್ಲ ಅಂದಿದ್ರೆಲ್ರಿ ಅಕ್ಕೋರ" ಎಂದಳು.